ಅಮರ್ಜೆಯ ಕೆರೆಯಿಂದ ಭೀಮೆಯ ದಂಡೆಗೆ

ಜಾತ್ರೆ, ರಥೋತ್ಸವ, ಹುಣ್ಣಿಮೆ, ಶ್ರಾವಣ ಸೋಮವಾರ, ಇಂಥ ಪುಣ್ಯಪರ್ವಗಳನ್ನು ನೋಡಿಕೊಂಡು ಕ್ಷೇತ್ರದರ್ಶನಕ್ಕೆ ಹೊರಡುವುದು ನಮ್ಮ ಜನರ ರೂಢಿ. ಇವುಗಳಲ್ಲಿ ಒಂದೂ ಇಲ್ಲದ ದಿನ, ಅದೂ ಕಲಬುರಗಿಯ ಬಿಸಿಲು ನೆತ್ತಿ ಸುಡುವ ಕಾಲದಲ್ಲಿ, ನೀರಿನ ದಂಡೆಯ ಊರುಗಳನ್ನು ನೋಡಿಬರೋಣ ಬಾ ಎಂದು ಯಾರಾದರೂ ಕರೆದರೆ ಕೇಳಿದವರು ನಗುವುದೇ ಸಹಜ. 2024ರ ಏಪ್ರಿಲ್ ಕೊನೆಯ ವಾರ, ದವನದ ಹುಣ್ಣಿಮೆ ಕಳೆದು ನಾಲ್ಕು ದಿನವಾಗಿತ್ತು. ನನ್ನ ಬಾಲ್ಯದ ಗೆಳೆಯರು, ಈಗ ನಿವೃತ್ತ ಕನ್ನಡ ಮಾಸ್ತರರು, ದೂರವಾಣಿಯಲ್ಲಿ ಕರೆದಾಗ ನಾನೂ ನಕ್ಕೆ.

“ಶಾಸ್ತ್ರೀ, ಈಗ ಹೋಗಾಮು. ಮಂದಿ ಇರಂಗಿಲ್ಲ, ಗದ್ದಲ ಇರಂಗಿಲ್ಲ” ಎಂದರು. ಕ್ಷಣಕಾಲ ಬಿಟ್ಟು, “ನೀರೂ ಇರಂಗಿಲ್ಲ, ಅದು ಬ್ಯಾರೆ ಮಾತು” ಎಂದರು.

ನಾವಿಬ್ಬರೂ ಒಂದೇ ಮಠದ ಪ್ರಸಾದನಿಲಯದಲ್ಲಿ ಉಂಡು, ಒಂದೇ ಕಂದೀಲಿನ ಬೆಳಕಿನಲ್ಲಿ ಓದಿದವರು. ಆದ್ದರಿಂದ ಐವತ್ತು ವರ್ಷಗಳ ಮೇಲೂ ನಮ್ಮ ನಡುವೆ ಏಕವಚನವೇ ಉಳಿದಿದೆ. ಅವರ ಆಹ್ವಾನದ ಹಿಂದೆ ಬೇರೊಂದು ಮಾತು ಇದ್ದುದು ನನಗೆ ಗೊತ್ತಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಶನಿವಾರ ಬೆಳಗಿನ ಲಿಂಗಪೂಜೆ ಮುಗಿಸಿ, ಅವರ ತಂಗಿಯ ಮಗನ ಕಾರಿನಲ್ಲಿ ಆಳಂದದ ಹಾದಿ ಹಿಡಿದೆವು.

ತೊಗರಿಯ ರಾಶಿ ಮುಗಿದು, ಬಿಳಿಜೋಳವೂ ಮನೆ ಸೇರಿ, ಎರೆಭೂಮಿಯು ಬಾಯಿಬಿಟ್ಟುಕೊಂಡು ಬಿದ್ದಿತ್ತು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆಯೆಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಆದರೆ ಹಿಂದಿನ ವರ್ಷದ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ಹೊಲದ ಬದುವಿನಲ್ಲಿ ಒಟ್ಟಿದ ತೊಗರಿಕಟ್ಟಿಗೆಯ ಬಣವೆಗಳೇ ಆ ವರ್ಷದ ಬೆಳೆಯ ಕಥೆಯನ್ನು ಹೇಳುವಷ್ಟು ಚಿಕ್ಕವಾಗಿದ್ದವು. ಕಡಗಂಚಿಯ ಬಯಲಿನಲ್ಲಿ 2009ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯದ ಕಟ್ಟಡಗಳನ್ನು ದಾಟಿ ಆಳಂದವನ್ನು ಸೇರಿದಾಗ ಹತ್ತು ಗಂಟೆ. ಲಾಡ್ಲೆ ಮಶಾಯಿಕರ ದರ್ಗಾದ ದಾರಿಯಲ್ಲಿ ಕಲ್ಲಂಗಡಿ ಹಣ್ಣಿನ ರಾಶಿಗಳಿದ್ದವು, ಕೊಳ್ಳುವವರಿರಲಿಲ್ಲ.

ಕೊರಳ್ಳಿಯ ಬಳಿ ಅಮರ್ಜಾ ನದಿಗೆ ಕಟ್ಟಿದ ಜಲಾಶಯವೇ ನಮ್ಮ ಮೊದಲ ನಿಲುಗಡೆ. ಸುಮಾರು ಒಂದೂವರೆ ಟಿ.ಎಂ.ಸಿ. ನೀರು ಹಿಡಿಯುವ ಸಾಮಾನ್ಯ ಗಾತ್ರದ ಜಲಾಶಯ. ಸುತ್ತಲಿನ ಜನ ಅದನ್ನು ಕೆರೆಯೆಂದೇ ಕರೆಯುವುದುಂಟು. ಮಳೆಗಾಲದ ಕೊನೆಗೆ ಬಂದವರಿಗೆ ಅದು ಕಣ್ಣು ತಣಿಸುವ ನೋಟ. ನಾವು ಕಂಡದ್ದು ಅದರ ತಳ. ನೀರು ದೂರದಲ್ಲಿ ಒಂದು ಹರವಿದ ಧೋತರದಂತೆ ಮಲಗಿತ್ತು. ಒಣಗಿದ ಕೆಸರಿನಲ್ಲಿ ದನಗಳ ಗೊರಸಿನ ಗುರುತು ಅಚ್ಚೊತ್ತಿದಂತಿತ್ತು. ಕುರಿಗಾರನೊಬ್ಬನು ನೀರಿನ ಅಂಚಿನವರೆಗೆ ಹಿಂಡನ್ನು ನಡೆಸಿಕೊಂಡು ಹೋಗುತ್ತಿದ್ದನು. ತುಂಬಿದ ಕೆರೆಯು ತನ್ನ ಮೇಲ್ಮೈಯನ್ನು ಮಾತ್ರ ತೋರಿಸುತ್ತದೆ. ಬತ್ತಿದ ಕೆರೆಯಲ್ಲಿ ಹಳೆಯ ಹೊಲದ ಬದು, ಮುಳುಗಿದ ಬಾವಿಯ ಕಲ್ಲುಕಟ್ಟು, ಎಲ್ಲವೂ ಎದ್ದು ಕಾಣುತ್ತವೆ. ಅಕಾಲದಲ್ಲಿ ಬಂದದ್ದಕ್ಕೆ ನನಗೆ ಸಿಕ್ಕ ಮೊದಲ ಲಾಭ ಇದು.

ಏರಿಯ ಮೇಲೆ ನಿಂತಾಗ ಶಿವಯೋಗಿ ಸಿದ್ಧರಾಮೇಶ್ವರರ ನೆನಪಾಗದೆ ಇರದು. ಅವರ ಸೊನ್ನಲಿಗೆ, ಎಂದರೆ ಇಂದಿನ ಸೊಲ್ಲಾಪುರ, ಆಳಂದದ ಆಚೆಗಿನ ಗಡಿಯಿಂದ ಬಹಳ ದೂರವೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಅವರು ಕಟ್ಟಿಸಿದ ಕೆರೆ ಇಂದಿಗೂ ಊರ ನಡುವೆ ಇದೆ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು ಕೆರೆ ಅಗೆಯುವವರ ಮುಂದೆ ಸಿದ್ಧರಾಮರನ್ನು ಒಡ್ಡನೆಂದು ಕರೆದ ಪ್ರಸಂಗವನ್ನು ಶೂನ್ಯಸಂಪಾದನೆಯನ್ನು ಓದಿದವರೆಲ್ಲ ಬಲ್ಲರು. ಆ ಪ್ರಸಂಗವನ್ನು ವಿವರಿಸುವಾಗ ನಾವು ಪಂಡಿತರು ಸಾಮಾನ್ಯವಾಗಿ ಕೆರೆಯನ್ನು ಕೆಳಗಿಟ್ಟು ಅರಿವನ್ನು ಮೇಲಿಡುತ್ತೇವೆ. ನಾನೂ ಎಷ್ಟೋ ಪ್ರವಚನಗಳಲ್ಲಿ ಹಾಗೆಯೇ ಹೇಳಿದ್ದೇನೆ. ಆ ಶನಿವಾರ ಕೊರಳ್ಳಿಯ ಏರಿಯ ಮೇಲೆ, ಎರಡು ಕೊಡ ಹೊತ್ತು ಬಿಸಿಲಿನಲ್ಲಿ ಮೇಲೇರಿ ಬರುತ್ತಿದ್ದ ತಾಯಿಯೊಬ್ಬಳನ್ನು ಕಂಡಮೇಲೆ ಆ ಮಾತು ಅಷ್ಟು ಸಲೀಸಾಗಿ ನನ್ನ ಬಾಯಿಗೆ ಬರುವುದಿಲ್ಲ. ಸಿದ್ಧರಾಮರು ಶಿವಯೋಗವನ್ನು ಅರಿತರು, ನಿಜ. ಅವರು ತೋಡಿಸಿದ ಕೆರೆಯನ್ನೇನೂ ಯಾರೂ ಮುಚ್ಚಲಿಲ್ಲವಷ್ಟೆ.

ಅಫಜಲಪುರವನ್ನು ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಸೊನ್ನದ ಬ್ಯಾರೇಜಿಗೆ ಹೋಗಿ ಬಂದೆವು. ಈ ಸೊನ್ನಕ್ಕೂ ಸಿದ್ಧರಾಮರ ಸೊನ್ನಲಿಗೆಗೂ ಹೆಸರಿನ ಹೋಲಿಕೆಯ ಹೊರತು ಬೇರೆ ಸಂಬಂಧವನ್ನು ಕಲ್ಪಿಸಬಾರದು. ಕೆಲವರು ಕಲ್ಪಿಸುವುದನ್ನು ಕೇಳಿದ್ದೇನೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿಕೊಂಡು ಬರುವ ಭೀಮೆ ಇಲ್ಲಿ ಲೋಹದ ಬಾಗಿಲುಗಳ ಹಿಂದೆ ಸಣ್ಣಗೆ ನಿಂತಿದ್ದಳು. ಕೆಳಗಡೆ ಬರಿಯ ಬಂಡೆ. ಮೇಲೆ ಉಜನಿಯ ಜಲಾಶಯದಲ್ಲಿ ನೀರಿದ್ದರೆ ಇಲ್ಲಿಯ ಜನಕ್ಕೆ ಜೀವ, ಅಲ್ಲಿ ನೀರು ಹೆಚ್ಚಾದರೆ ಇಲ್ಲಿಯ ಜನಕ್ಕೆ ಭಯ. ಈ ನದಿಯ ದಂಡೆಯ ಬಾಳುವೆ ಎರಡರ ನಡುವೆ ಸಾಗುತ್ತದೆ.

ಬಂಡೆಗಳನ್ನು ನೋಡುತ್ತ ಗೆಳೆಯರು ಅಲ್ಲಿಯೇ ಮೊದಲ ಬಾರಿಗೆ ಬಾಯಿಬಿಟ್ಟರು. “2020ರ ಅಕ್ಟೋಬರ್‌ದಾಗ ಇದs ಹೊಳಿ ನಮ್ಮತ್ತಿ ಮನಿ ತೊಗೊಂಡು ಹೋಯ್ತು ನೋಡು.”

ಇನ್ನು ನನ್ನ ತಪ್ಪನ್ನು ಹೇಳಲೇಬೇಕು. ಜೇವರ್ಗಿ ತಾಲ್ಲೂಕಿನ ಭೀಮಾತೀರದ ಹಳ್ಳಿಯೊಂದರಲ್ಲಿ ಅವರ ಸೋದರತ್ತೆಯ ಮನೆ. ಆ ಮನೆಯ ಗೋಡೆಯ ಗೂಡಿನಲ್ಲಿ, ಕೆಂಪು ಅರಿವೆಯಲ್ಲಿ ಸುತ್ತಿದ ಒಂದು ಕೈಬರಹದ ಹೊತ್ತಿಗೆ ಇತ್ತು. ತಲೆಮಾರುಗಳಿಂದ ಭಜನೆಯಲ್ಲಿ ಹಾಡಿಬಂದ ತತ್ವಪದಗಳು. 1986ರಲ್ಲಿ ಗೆಳೆಯರು ನನ್ನನ್ನು ಒಮ್ಮೆ ಅಲ್ಲಿಗೆ ಕರೆದೊಯ್ದು ತೋರಿಸಿದ್ದರು. ಒಂದು ಗಂಟೆ ತಿರುವಿಹಾಕಿದೆ. ಕಡಕೋಳ ಮಡಿವಾಳಪ್ಪನವರ ಪದಗಳೂ ಅವರ ಶಿಷ್ಯಪರಂಪರೆಯವರ ಪದಗಳೂ ಇದ್ದವು. ಜೊತೆಗೆ ನಾನೆಲ್ಲಿಯೂ ಕಾಣದ ಕೆಲವು ಪದಗಳಿದ್ದವು. ಮುಂದಿನ ತಿಂಗಳು ಎಂಟು ದಿನ ಬಂದು ಕುಳಿತು ಪ್ರತಿಮಾಡಿಕೊಳ್ಳುತ್ತೇನೆಂದು ಮಾತು ಕೊಟ್ಟೆ. ಮುಂದಿನ ತಿಂಗಳು ಬರಲಿಲ್ಲ. ಗೋಷ್ಠಿ, ಪ್ರವಚನ, ಸ್ಮರಣ ಸಂಚಿಕೆಯ ಲೇಖನ, ಒಂದಲ್ಲ ಒಂದು ನೆಪ. ಮೂವತ್ತನಾಲ್ಕು ವರ್ಷ ಹೀಗೆಯೇ ಕಳೆದವು. ಉಜನಿಯಿಂದಲೂ ಸೀನಾ ನದಿಯಿಂದಲೂ ಒಮ್ಮೆಲೇ ನೀರು ಇಳಿದ ಆ ಅಕ್ಟೋಬರಿನಲ್ಲಿ ಊರಿನವರು ರಾತ್ರಿಯೇ ಶಾಲೆಯ ಕಾಳಜಿ ಕೇಂದ್ರಕ್ಕೆ ಓಡಿದರು. ದನಗಳನ್ನು ಬಿಚ್ಚಿದರು, ಮಕ್ಕಳನ್ನು ಹೊತ್ತರು, ಜೋಳದ ಚೀಲ ಎಷ್ಟು ಸಾಧ್ಯವೋ ಅಷ್ಟು ಎಳೆದರು. ಗೂಡಿನ ಕಡೆಗೆ ಯಾರ ಕೈಯೂ ಹೋಗಲಿಲ್ಲ. ಮಣ್ಣಿನ ಮಾಳಿಗೆ ಮೂರನೆಯ ದಿನ ಕುಸಿಯಿತು.

ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರವು ನಾಡಿನ ತತ್ವಪದಗಳನ್ನು ಸಂಪುಟಮಾಲೆಯಾಗಿ ಹೊರತಂದಿದೆ. ಆ ಸಂಪುಟಗಳು ಕೈಗೆ ಬಂದಾಗಲೆಲ್ಲ ನಾನು ಮೊದಲು ಹುಡುಕುತ್ತಿದ್ದುದು ಗೂಡಿನಲ್ಲಿದ್ದ ಆ ಅಪರಿಚಿತ ಪದಗಳನ್ನು. ನೆನಪಿನಲ್ಲಿ ಉಳಿದ ಎರಡು ಮೂರು ಪಲ್ಲವಿಗಳಲ್ಲಿ ಒಂದೂ ಸಿಗಲಿಲ್ಲ.

ರಾತ್ರಿ ಅಫಜಲಪುರದ ಶ್ರೀಮಠವೊಂದರಲ್ಲಿ ಪ್ರಸಾದ, ವಸತಿ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಮಜ್ಜಿಗೆ. ಜಾತ್ರೆಯ ಗದ್ದಲವಿಲ್ಲದ್ದರಿಂದ ಪಡಸಾಲೆಯೆಲ್ಲ ನಮಗೇ. ಸೆಕೆಗೆ ನಿದ್ರೆ ಮಾತ್ರ ಬರಲಿಲ್ಲ.

ಭಾನುವಾರ ನಸುಕಿನಲ್ಲಿ ದೇವಲ ಗಾಣಗಾಪುರ. ಹದಿನೈದನೆಯ ಶತಮಾನದಲ್ಲಿ ನೃಸಿಂಹ ಸರಸ್ವತಿಗಳು ಬಹುಕಾಲ ನೆಲೆಸಿದ್ದ ದತ್ತಕ್ಷೇತ್ರವಿದು. ಹಿಂದಿನ ದಿನ ನಾವು ಕೊರಳ್ಳಿಯಲ್ಲಿ ಕಂಡ ಅಮರ್ಜೆಯು ಭೀಮೆಯನ್ನು ಕೂಡುವುದು ಇಲ್ಲಿಯೇ. ಹುಣ್ಣಿಮೆಯ ದಿನ ಕಾಲಿಡಲು ಜಾಗವಿರದ ಸಂಗಮದಲ್ಲಿ ಅಂದು ಇಪ್ಪತ್ತು ಜನರೂ ಇರಲಿಲ್ಲ. ಮಹಾರಾಷ್ಟ್ರದಿಂದ ಬಂದ ವೃದ್ಧ ದಂಪತಿಗಳು ಜೋಳಿಗೆ ಹಿಡಿದು ಮನೆಮನೆಯ ಮುಂದೆ ಮಧುಕರಿಗಾಗಿ ನಿಂತಿದ್ದರು. ಅದನ್ನು ಕಂಡು ಗೆಳೆಯರು ನನ್ನ ಭುಜ ತಟ್ಟಿದರು. ಹನ್ನೆರಡರ ವಯಸ್ಸಿನಲ್ಲಿ ನಾನು ಕಂತಿಭಿಕ್ಷೆಗೆ ಹೊರಟಾಗ ನಾಯಿಗೆ ಹೆದರಿ ಜೋಳಿಗೆ ಬಿಟ್ಟು ಓಡಿದ ಸಂಗತಿಯನ್ನು ಅವರು ಇನ್ನೂ ಮರೆತಿಲ್ಲ. ಸಂಪ್ರದಾಯ ಬೇರೆಯಾದರೂ ಪರರ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲುವ ವಿನಯವೊಂದೇ. ನನಗೂ ಅಂದು ಅದರ ಅಗತ್ಯವಿತ್ತು.

ಅಲ್ಲಿಂದ ಭೀಮೆಯನ್ನು ದಾಟಿ ಜೇವರ್ಗಿ ತಾಲ್ಲೂಕನ್ನು ಪ್ರವೇಶಿಸಿದೆವು. ಅತ್ತೆಯ ಹೊಸ ಮನೆ ಊರ ಮೇಲ್ಭಾಗದಲ್ಲಿದೆ. ತಗಡಿನ ಮಾಡು, ಮುಂದೊಂದು ಬೇವಿನ ಗಿಡ. ಎಂಬತ್ತು ದಾಟಿದ ಜೀವ, ಕಣ್ಣು ಮಸುಕು. ಗೆಳೆಯರು ನನ್ನ ಹೆಸರು ಹೇಳಿದರು.

“ಶರಣ್ರಿ ಅಯ್ಯಾರ. ಎಂಟ್ ದಿನ ಬರ್ತೀನಿ ಅಂದಿದ್ರಿ” ಎಂದಳು. ಅಷ್ಟೆ. ಬೈದಿದ್ದರೆ ಹಗುರಾಗುತ್ತಿತ್ತು.

ನಾನು ಕ್ಷಮೆ ಕೇಳಿದೆ. ಅವಳು ಅದನ್ನು ಕೇಳಿಸಿಕೊಂಡಂತೆ ತೋರಲಿಲ್ಲ. ನೀರು ಕೊಟ್ಟು, ಬೆಲ್ಲ ಕೊಟ್ಟು, ಬೇವಿನ ನೆರಳಿಗೆ ಕೌದಿ ಹಾಸಿದಳು. “ಹೊತ್ತಿಗಿ ಹೋಯ್ತು ಖರೆ. ನನಗ ಓದಾಕ ಎಲ್ಲಿ ಬರ್ತಿತ್ತು? ನಾ ಎಂದೂ ಅದರಾಗ ನೋಡಿ ಹಾಡಿದಾಕಿ ಅಲ್ಲ” ಎಂದು ತಾನಾಗಿಯೇ ದನಿ ತೆಗೆದಳು.

ಪ್ರವಾಸದ ಟಿಪ್ಪಣಿಗೆಂದು ತಂದಿದ್ದ ನೋಟಬುಕ್ಕಿನ ಹಿಂಬದಿಯಿಂದ ಬರೆಯತೊಡಗಿದೆ. ತಂಗಿಯ ಮಗ ಮೊಬೈಲಿನಲ್ಲಿ ಧ್ವನಿಯನ್ನೂ ಮುದ್ರಿಸಿಕೊಂಡನು. ಮಧ್ಯಾಹ್ನದವರೆಗೆ ಹನ್ನೊಂದು ಪದಗಳಾದವು. ಏಳು ಪದಗಳಲ್ಲಿ ಮಡಿವಾಳಪ್ಪನವರ ಮಹಾಂತನ ಅಂಕಿತ ಸ್ಪಷ್ಟವಾಗಿತ್ತು. ಅವರು ಹುಟ್ಟಿದ್ದು ನಾವು ಹಿಂದಿನ ದಿನ ತಿರುಗಾಡಿದ ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ. ನೆಲೆನಿಂತದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದ ಕಡಕೋಳದಲ್ಲಿ. ಚೆನ್ನೂರಿನ ಜಲಾಲಸಾಹೇಬರಂಥವರನ್ನೂ ಶಿಷ್ಯರೆಂದು ಒಪ್ಪಿಕೊಂಡ ಪರಂಪರೆಯದು. ಉಳಿದ ನಾಲ್ಕು ಪದಗಳೇ ನಾನು 1986ರಲ್ಲಿ ಕಂಡಿದ್ದವು. ಪಲ್ಲವಿ ಕಿವಿಗೆ ಬಿದ್ದೊಡನೆ ನನಗೆ ಗುರುತು ಸಿಕ್ಕಿತು. ಒಂದಕ್ಕೆ ಅಂಕಿತವೂ ದೊರೆಯಿತು. ಮಿಕ್ಕ ಮೂರರಲ್ಲಿ ಅತ್ತೆಯು ಕೊನೆಯ ನುಡಿಗೆ ಬಂದು ನಿಂತುಬಿಟ್ಟಳು. ಮತ್ತೆ ಮೊದಲಿನಿಂದ ಹಾಡಿದಳು, ಅಲ್ಲಿಯೇ ನಿಂತಳು. ತೊಡೆ ತಟ್ಟಿಕೊಂಡಳು.

ಅಂಕಿತವಿರುವುದು ಕೊನೆಯ ನುಡಿಯಲ್ಲಿ. ಅದಿಲ್ಲದೆ ಪದ ಯಾರದೆಂದು ಹೇಳುವಂತಿಲ್ಲ. ಗೆಳೆಯರು ಮೆಲ್ಲಗೆ, “ಧಾಟಿ ಮಡಿವಾಳಪ್ಪನವರದs ಅದ. ಹಂಗs ಬರದುಬಿಡು” ಎಂದರು. ಬರೆಯಲು ಮನಸ್ಸೂ ಆಯಿತು, ಸುಳ್ಳು ಹೇಳುವುದಿಲ್ಲ. ಮೂವತ್ತೆಂಟು ವರ್ಷಗಳ ಸಾಲ ಒಂದೇ ಸಾಲಿನಲ್ಲಿ ತೀರಿದಂತಾಗುತ್ತಿತ್ತು. ಬರೆಯಲಿಲ್ಲ. ಮೂರು ಕಡೆ ಅರ್ಧ ಪುಟ ಖಾಲಿ ಬಿಟ್ಟೆ.

ಬಿಸಿಲು ಇಳಿದ ಮೇಲೆ ಜೇವರ್ಗಿಯಲ್ಲಿ ಷಣ್ಮುಖ ಶಿವಯೋಗಿಗಳ ಮಠಕ್ಕೆ ಹೋಗಿ ಗದ್ದುಗೆಗೆ ನಮಸ್ಕರಿಸಿದೆವು. ಬಸವಾದಿ ಶರಣರ ಬಳಿಕ ಐದು ಶತಮಾನಗಳ ಅಂತರದಲ್ಲಿ, ಹದಿನೇಳನೆಯ ಶತಮಾನದಲ್ಲಿ ಇದೇ ನೆಲದಲ್ಲಿ ಕುಳಿತು ಏಳುನೂರಕ್ಕೂ ಹೆಚ್ಚು ವಚನಗಳನ್ನು ರಚಿಸಿದ ಪೂಜ್ಯರು ಅವರು. ಅವುಗಳನ್ನು ಇಂದು ನಾವು ಅವರವೆಂದು ನಿಸ್ಸಂದೇಹವಾಗಿ ಓದುತ್ತಿರುವುದು ಅಖಂಡೇಶ್ವರನೆಂಬ ಅಂಕಿತದ ಬಲದಿಂದ. ಈ ಮಾತನ್ನು ತರಗತಿಗಳಲ್ಲಿ ಎಷ್ಟು ಸಲ ಹೇಳಿದ್ದೆನೋ. ಚೀಲದಲ್ಲಿ ಮೂರು ಖಾಲಿ ಅರ್ಧಪುಟಗಳನ್ನು ಇಟ್ಟುಕೊಂಡು ಅಲ್ಲಿ ಕುಳಿತಾಗ ಅದರ ತೂಕ ಬೇರೆಯಾಗಿತ್ತು. ದಾಸೋಹಮೂರ್ತಿ ಶರಣಬಸವೇಶ್ವರರ ಜನ್ಮಸ್ಥಳವಾದ ಅರಳಗುಂಡಗಿಗೂ ಹೋಗುವ ಆಸೆಯಿತ್ತು, ಹೊತ್ತು ಸಾಲಲಿಲ್ಲ. ಕಟ್ಟಿಸಂಗಾವಿಯ ಸೇತುವೆ ದಾಟುವಾಗ ಕತ್ತಲಾಗಿತ್ತು.

ಆ ವರ್ಷದ ಶ್ರಾವಣದಲ್ಲಿ ಮತ್ತೆ ಹೋದೆ. ಭಜನೆಯವರು ಕೂಡಿದ ರಾತ್ರಿ ಇನ್ನೂ ಐದು ಪದಗಳು ದೊರೆತವು, ಖಾಲಿ ಬಿಟ್ಟ ಮೂರರಲ್ಲಿ ಒಂದಕ್ಕೆ ಅಂಕಿತ ಸಿಕ್ಕಿತು. ಅದು ಮಡಿವಾಳಪ್ಪನವರದಾಗಿರಲಿಲ್ಲ. ಎಲ್ಲವನ್ನೂ ಶುದ್ಧವಾಗಿ ಬರೆದು ನಾಲ್ಕು ಜೆರಾಕ್ಸ್ ಪ್ರತಿ ಮಾಡಿಸಿ ಒಂದನ್ನು ಅತ್ತೆಯ ಕೈಗೆ ಕೊಟ್ಟೆ. ಜೇವರ್ಗಿ, ಅಫಜಲಪುರ, ಆಳಂದದ ಕಡೆಯ ಓದುಗ ಬಂಧುಗಳ ಮನೆಯ ಗೂಡಿನಲ್ಲಿ, ಜಗುಲಿಯ ಮೇಲೆ, ಅಟ್ಟದಲ್ಲಿ ಇಂಥ ಹೊತ್ತಿಗೆ ಇದ್ದರೆ ಸಂಪಾದಕರಿಗೆ ಒಂದು ಕಾರ್ಡು ಬರೆಯಿರಿ. ನಾನು ಮುಂದಿನ ತಿಂಗಳೆನ್ನದೆ ಬರುತ್ತೇನೆ.

2025ರ ಸೆಪ್ಟೆಂಬರಿನಲ್ಲಿ ಭೀಮೆ ಮತ್ತೆ ಉಕ್ಕಿದಾಗ ನಾನು ಗೆಳೆಯರಿಗೆ ಗಾಬರಿಯಿಂದ ಕರೆಮಾಡಿದೆ. ನೀರು ಮೇಲ್ಭಾಗದ ಮನೆಯವರೆಗೆ ಬರಲಿಲ್ಲ, ಆದರೂ ಅತ್ತೆಯನ್ನು ಶಾಲೆಗೆ ಸಾಗಿಸಿದ್ದರು. ಕರಡಿಗೆಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆ ಜೆರಾಕ್ಸನ್ನೂ ಮಡಿಲಲ್ಲಿ ಇಟ್ಟುಕೊಂಡೇ ಟ್ರ್ಯಾಕ್ಟರ್ ಹತ್ತಿದಳಂತೆ. ಗೆಳೆಯರು ಫೋನನ್ನು ಅವಳ ಕಿವಿಗೆ ಹಿಡಿದರು.

“ಆ ಎರಡು ನುಡಿ ಇನ್ನs ನೆನಪಾಗಿಲ್ರಿ ಅಯ್ಯಾರ” ಎಂದಳು.