ಕೆರೆ ಇಳಿದಂತೆ ಇಳಿಯುವ ಕೇಬಲ್

ಮಡಿಕೇರಿಯಿಂದ ಸಿದ್ದಾಪುರದ ಕಡೆಗೆ ಹೊರಟ ಬಸ್ಸು ತಿರುವುಗಳಲ್ಲಿ ವಾಲುತ್ತ ಚೆಟ್ಟಳ್ಳಿಯನ್ನು ತಲುಪುವ ಹೊತ್ತಿಗೆ ಹೊಸಬರಿಗೆ ಹೊಟ್ಟೆ ತೊಳಸಿರುತ್ತದೆ. ಆದರೆ ಫೆಬ್ರುವರಿ ಕೊನೆಯಲ್ಲಿ ಬಂದವರು ಬಸ್ಸಿನಿಂದ ಇಳಿದೊಡನೆ ಅದನ್ನು ಮರೆಯುತ್ತಾರೆ. ರಸ್ತೆಯ ಎರಡೂ ಬದಿ ರೊಬಸ್ಟಾ ಕಾಫಿ ಹೂ ಬಿಟ್ಟಿರುತ್ತದೆ. ಮಲ್ಲಿಗೆಯನ್ನು ಹೋಲುವ ಅದರ ಪರಿಮಳ ಊರನ್ನೆಲ್ಲ ತುಂಬಿಕೊಂಡಿರುತ್ತದೆ. ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದ ಈ ಊರಿನಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ 1946ರಿಂದ ಇದೆ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವೂ ಇಲ್ಲಿಯೇ ಉಂಟು. ಕೊಡಗಿನ ಕಿತ್ತಳೆ, ಬೆಣ್ಣೆಹಣ್ಣು, ರಾಂಬುಟಾನ್ ನೋಡಬೇಕೆನ್ನುವವರು ಅಲ್ಲಿಗೆ ಹೋಗುತ್ತಾರೆ.

ಇವೆರಡೂ ಪ್ರವಾಸಿಗಳ ಪಟ್ಟಿಯಲ್ಲಿ ಬರುತ್ತವೆ. ಪಟ್ಟಿಯಲ್ಲಿ ಬಾರದ ಒಂದು ವಸ್ತು ಈ ಕಾಲದಲ್ಲಿ ತೋಟಗಳೊಳಗೆ ಕಾಣುತ್ತದೆ. ಕೆರೆಯ ಏರಿಯ ಮೇಲಿನಿಂದ ನೀರಿನಂಚಿನವರೆಗೆ ಕೇರೆಹಾವಿನಂತೆ ಮಲಗಿರುವ ಒಂದು ಕಪ್ಪು ಕೇಬಲ್.

ಅದು ಅಲ್ಲಿಗೆ ಬಂದ ಕಾರಣ ಸ್ವಾರಸ್ಯವಾಗಿದೆ. ಕಾಫಿಯ ಮೊಗ್ಗು ಅರಳಬೇಕಾದರೆ ಒಂದು ಒಳ್ಳೆಯ ಮಳೆ ಬೇಕು. ಅದಕ್ಕೆ ಹೂಮಳೆ ಎಂದೇ ಹೆಸರು. ರೊಬಸ್ಟಾಕ್ಕೆ ಅದು ಸಮಯಕ್ಕೆ ಸರಿಯಾಗಿ ಬರಬೇಕು. ಬಾರದಿದ್ದರೆ ಬೆಳೆಗಾರರು ಸ್ಪ್ರಿಂಕ್ಲರ್ ಹಿಡಿಯುತ್ತಾರೆ. ಒಂದೂವರೆ ಇಂಚು ಮಳೆಯಷ್ಟು ನೀರು ಕೊಡುವುದೆಂದರೆ ಎಕರೆಗೆ ಒಂದೂವರೆ ಲಕ್ಷ ಲೀಟರಿಗೂ ಹೆಚ್ಚು! ಅದಾದ ಎರಡು ಮೂರು ವಾರಗಳಿಗೆ ಮತ್ತೊಮ್ಮೆ ನೀರು ಕೊಡಬೇಕು, ಇಲ್ಲವಾದರೆ ಹೂ ಕಾಯಿಕಚ್ಚುವುದು ಕಷ್ಟ. ಇಷ್ಟೂ ನೀರು ತೋಟದ ಕೆರೆಯಿಂದಲೇ ಬರಬೇಕು. ಆದ್ದರಿಂದ ಕೆರೆ ದಿನದಿನಕ್ಕೂ ಇಳಿಯುತ್ತದೆ.

ಕೆರೆ ಇಳಿದರೆ ಪಂಪೂ ಇಳಿಯಬೇಕು. ಇದಕ್ಕೆ ಕಾರಣ ಪ್ರೌಢಶಾಲೆಯ ಪಾಠದಲ್ಲಿಯೇ ಇದೆ. ಪಂಪು ನೀರನ್ನು ‘ಎಳೆಯುವುದಿಲ್ಲ’. ಅದು ಕೊಳವೆಯೊಳಗಿನ ಗಾಳಿಯ ಒತ್ತಡವನ್ನು ತಗ್ಗಿಸುತ್ತದೆ, ಹೊರಗಿನ ವಾಯುಮಂಡಲ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಈ ತಳ್ಳುವಿಕೆಯ ಮಿತಿ ಸುಮಾರು 10.3 ಮೀಟರ್. ಚೆಟ್ಟಳ್ಳಿಯ ಎತ್ತರದಲ್ಲಿ ಗಾಳಿಯೇ ತೆಳುವಾದುದರಿಂದ ಅದು 9 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಕೊಳವೆಯ ಘರ್ಷಣೆ, ಸಣ್ಣಪುಟ್ಟ ಗಾಳಿಸೋರಿಕೆಗಳನ್ನು ಕಳೆದರೆ ಆರು ಮೀಟರ್ ಸಿಕ್ಕರೆ ಪುಣ್ಯ. ಹೀಗಾಗಿ ಮೋಟಾರು, ಪಂಪು ಎರಡನ್ನೂ ಗಾಲಿಗಳ ಮೇಲೆಯೋ ತೇಲುವ ಡ್ರಮ್ಮುಗಳ ಮೇಲೆಯೋ ಕೂರಿಸಿ ನೀರನ್ನು ಹಿಂಬಾಲಿಸುತ್ತಾರೆ. ಗೋಡೆಗೆ ಮೊಳೆ ಹೊಡೆದು ಕೂರಿಸಿದ ವಯರಿಂಗ್ ಇಲ್ಲಿ ನಡೆಯದು. ವಿದ್ಯುತ್ತೂ ಮೋಟಾರಿನ ಹಿಂದೆ ನಡೆದುಹೋಗಬೇಕು.

ಆ ನಡಿಗೆಯಲ್ಲಿಯೇ ಕೇಬಲ್ ಸವೆಯುತ್ತದೆ. ಏರಿಯ ಕಲ್ಲಿನ ಮೇಲೆ ಎಳೆದಾಗ ತೊಗಲು ಕೀಳುತ್ತದೆ. ಜೀಪಿನ ಚಕ್ರ ಹತ್ತುತ್ತದೆ, ಕಾಡು ಸವರುವ ಕತ್ತಿ ತಗಲುತ್ತದೆ, ಇಲಿ ಕಡಿಯುತ್ತದೆ. ಸಾಧಾರಣ ಪಿವಿಸಿ ಹೊದಿಕೆ ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ ಗಡುಸಾಗಿ ಸೀಳುತ್ತದೆ. ಇಂತಹ ಕೆಲಸಕ್ಕೆ ನಿಯೋಪ್ರೀನ್‌ನಂತಹ ಕೃತಕ ರಬ್ಬರಿನ ಹೊದಿಕೆಯೇ ಸರಿ. 1930ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಈ ವಸ್ತು ಬಿಸಿಲು, ಎಣ್ಣೆ, ಉಜ್ಜಾಟಗಳನ್ನು ತಾಳುತ್ತದೆ. ಬೆಲೆ ಹೆಚ್ಚೆಂದು ಅದನ್ನು ಬಿಟ್ಟವರು ಮರುವರ್ಷ ಮತ್ತೆ ಅಂಗಡಿಗೆ ಬರುವುದುಂಟು.

ಹೊರಗಿನ ಗಾಯ ಕಣ್ಣಿಗೆ ಕಾಣುತ್ತದೆ. ಕಾಣದಿರುವುದು ಒಳಗಿನ ತಾಮ್ರದ ಬಳಲಿಕೆ. ಮನೆಯ ಗೋಡೆಯೊಳಗಿನ ತಂತಿಯಲ್ಲಿ ದಪ್ಪನೆಯ ಕೆಲವೇ ಎಳೆಗಳಿದ್ದರೆ ಸಾಕು, ಏಕೆಂದರೆ ಅದು ಅಲುಗುವುದಿಲ್ಲ. ಚಲಿಸುವ ಯಂತ್ರದ 4 ಚದರ ಮಿಲಿಮೀಟರಿನ ತಂತಿಯಲ್ಲಾದರೋ 0.3 ಮಿಲಿಮೀಟರಿನ 56 ಎಳೆಗಳು ಹೊಸೆದುಕೊಂಡಿರುತ್ತವೆ. ಅಷ್ಟೇ ತಾಮ್ರವನ್ನು ಒಂದೇ ಸರಳಾಗಿ ಮಾಡಿದ್ದರೆ ಅದರ ದಪ್ಪ ಸುಮಾರು 2.26 ಮಿಲಿಮೀಟರ್ ಆಗುತ್ತಿತ್ತು. ತಂತಿ ಬಾಗಿದಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಈ ಹಿಗ್ಗುವಿಕೆ ತಂತಿಯ ದಪ್ಪಕ್ಕೆ ಅನುಗುಣವಾದುದು. ಆದ್ದರಿಂದ ಅದೇ ಬಾಗಿನಲ್ಲಿ ಸಣ್ಣ ಎಳೆಗೆ ಆಗುವ ನೋವು ದಪ್ಪ ಸರಳಿಗಿಂತ ಏಳೂವರೆ ಪಟ್ಟು ಕಡಿಮೆ. ಆದರೂ ಕೇಬಲ್ಲನ್ನು ಅದರ ದಪ್ಪದ ಆರು ಪಟ್ಟಿಗಿಂತ ಕಡಿಮೆ ತ್ರಿಜ್ಯದಲ್ಲಿ ಮಡಿಸಬಾರದೆಂಬುದು ಇಂತಹ ಕೇಬಲ್ಲುಗಳಿಗೆ ಸಾಮಾನ್ಯವಾಗಿ ಹೇಳುವ ಕಟ್ಟಳೆ.

ಮೊಬೈಲಿನ ಚಾರ್ಜರ್ ಎಲ್ಲಿ ಕಡಿದುಹೋಗುತ್ತದೆಂದು ಮಕ್ಕಳನ್ನು ಕೇಳಿದರೆ ಉತ್ತರ ತಟ್ಟನೆ ಬರುತ್ತದೆ: ಪಿನ್ನಿನ ಬುಡದಲ್ಲಿ. ಮೆದು ತಂತಿ ಗಡುಸು ಪಿನ್ನನ್ನು ಸೇರುವ ಆ ಒಂದೇ ಸ್ಥಳದಲ್ಲಿ ಬಾಗೆಲ್ಲವೂ ಕೂಡಿಬೀಳುತ್ತದೆ. ಇಸ್ತ್ರಿಪೆಟ್ಟಿಗೆಯ ಬಾಯಲ್ಲಿ ರಬ್ಬರಿನ ಉದ್ದನೆಯ ತೋಳು ಇರುವುದು ಆ ಬಾಗನ್ನು ಹಂಚಲೆಂದೇ. ಕೆರೆಯ ಮೋಟಾರಿನಲ್ಲೂ ಅದೇ ಕತೆ. ಕೇಬಲ್ ಮೋಟಾರಿನ ಪೆಟ್ಟಿಗೆಯನ್ನು ಹೊಗುವಲ್ಲಿ ಗ್ಲ್ಯಾಂಡ್ ಬಿಗಿಯಾಗಿರಬೇಕು. ಅದಕ್ಕೂ ಮೊದಲು ಕೇಬಲ್ಲನ್ನು ಗಾಲಿಬಂಡಿಯ ಚೌಕಟ್ಟಿಗೆ ಪಟ್ಟಿಯಿಂದ ಹಿಡಿಸಿ ಸ್ವಲ್ಪ ಸಡಿಲು ಬಿಟ್ಟಿರಬೇಕು. ಯಾರಾದರೂ ಎಳೆದರೆ ಆ ಎಳೆತ ಚೌಕಟ್ಟಿಗೆ ಬೀಳಬೇಕೇ ಹೊರತು ತಿರುಪಿನಡಿಯ ತಾಮ್ರಕ್ಕಲ್ಲ. ಬಲ್ಲ ಎಲೆಕ್ಟ್ರಿಷಿಯನ್ನರು ಇನ್ನೊಂದು ಉಪಾಯ ಮಾಡುತ್ತಾರೆ: ಪೆಟ್ಟಿಗೆಯೊಳಗೆ ಹಸಿರು ಅರ್ತ್ ತಂತಿಯನ್ನು ಮಾತ್ರ ಉಳಿದವುಗಳಿಗಿಂತ ಎರಡು ಬೆರಳು ಉದ್ದ ಬಿಡುತ್ತಾರೆ. ಕೇಬಲ್ ಕಿತ್ತುಬಂದರೂ ಅರ್ತ್ ಕೊನೆಯಲ್ಲಿ ಕಳಚಲಿ ಎಂದು. ಎಷ್ಟು ಸಣ್ಣ ಕೆಲಸ, ಎಷ್ಟು ದೊಡ್ಡ ಯೋಚನೆ!

ಏಕೆಂದರೆ ಜೀವದ ಪ್ರಶ್ನೆ ಅಲ್ಲಿಯೇ ಇದೆ. ಹೊದಿಕೆಯೊಳಗೆ ಎಳೆಗಳು ಒಂದೊಂದಾಗಿ ತುಂಡಾದಾಗ ಉಳಿದ ಎಳೆಗಳು ಬಿಸಿಯಾಗುತ್ತವೆ, ಕೊನೆಗೆ ಒಂದು ಫೇಸ್ ಪೂರ್ತಿ ಕಡಿಯುತ್ತದೆ. ನಿಂತಿದ್ದ ತ್ರೀಫೇಸ್ ಮೋಟಾರು ಆಗ ಗುಂಯ್‌ಗುಟ್ಟುತ್ತದೆಯೇ ಹೊರತು ಏಳುವುದಿಲ್ಲ. ಓಡುತ್ತಿದ್ದ ಮೋಟಾರು ಉಳಿದೆರಡು ಫೇಸುಗಳಲ್ಲಿ ವಿಪರೀತ ಕರೆಂಟು ಎಳೆದು ಸುಟ್ಟುಹೋಗುತ್ತದೆ. ಬೈಗುಳವೆಲ್ಲ ವೋಲ್ಟೇಜಿಗೆ. ಕೆಲವೊಮ್ಮೆ ಅದಕ್ಕೆ ಆಧಾರವೂ ಉಂಟೆನ್ನಿ, ಆದರೆ ತಪ್ಪು ಕಾಲಬುಡದ ಕೇಬಲ್ಲಿನಲ್ಲೇ ಇರುವುದೂ ಉಂಟು. ಮೋಟಾರು ಸುಟ್ಟರೆ ಮರುಸುತ್ತಿಸಬಹುದು. ಅರ್ತ್ ತಂತಿಯೇ ಮೊದಲು ಕಡಿದು, ಮೇಲೆ ಒಂದು ಫೇಸ್ ಬಂಡಿಯ ಕಬ್ಬಿಣವನ್ನು ತಾಗಿದರೆ? ಮೋಟಾರು ಎಂದಿನಂತೆ ಓಡುತ್ತಲೇ ಇರುತ್ತದೆ. ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ಬಂಡಿಯನ್ನು ತಳ್ಳಲು ಬಂದವನ ಒದ್ದೆ ಮೈಯ ತಡೆ ಸುಮಾರು ಸಾವಿರ ಓಮ್. 230 ವೋಲ್ಟಿಗೆ ಅವನ ಮೂಲಕ 230 ಮಿಲಿಆಂಪಿಯರ್ ಹರಿಯುತ್ತದೆ. ಹೃದಯ ನಿಲ್ಲಿಸಲು ಅದರ ಅರ್ಧವೂ ಬೇಕಿಲ್ಲ. 20 ಆಂಪಿಯರಿನ ಫ್ಯೂಸಿಗೆ ಇಷ್ಟು ಅಲ್ಪ ಕರೆಂಟು ಲೆಕ್ಕಕ್ಕೇ ಬಾರದು. ಲೆಕ್ಕಕ್ಕೆ ಹಿಡಿಯುವುದು ಸೋರಿಕೆ ರಕ್ಷಕ ಸ್ವಿಚ್ಚು ಮಾತ್ರ. ಹೋದ ಕರೆಂಟಿಗೂ ಹಿಂತಿರುಗಿದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡೊಡನೆ ಅದು ಕಣ್ಣು ಮಿಟುಕಿಸುವುದರೊಳಗೆ ಕಡಿತಗೊಳಿಸುತ್ತದೆ. ಬಂಡಿಯನ್ನು ಸರಿಸುವ ಮುನ್ನ ಮೈನ್ ಸ್ವಿಚ್ಚು ತೆಗೆಯುವ ಅಭ್ಯಾಸಕ್ಕಂತೂ ಒಂದು ಪೈಸೆಯೂ ಖರ್ಚಿಲ್ಲ.

ಗಾಯದ ಮೇಲೆ ಟೇಪು ಸುತ್ತುವುದು ಎಲ್ಲ ಊರಿನ ರೋಗ. ಕಣದ ಬದಿಯ ಪಲ್ಪರ್ ಮನೆಯಲ್ಲಿ ಕಾಫಿಸಿಪ್ಪೆಯ ಹುಳಿನೀರು ನೆಲದ ಮೇಲೆ ಹರಿಯುವಾಗ ಅಂತಹ ಟೇಪು ಎಷ್ಟು ದಿನ ಅಂಟಿಕೊಂಡಿದ್ದೀತು? ಗಾಯವಾದ ತುಂಡನ್ನು ಕತ್ತರಿಸಿ ತೆಗೆದು ಕೇಬಲ್ಲನ್ನು ಗಿಡ್ಡ ಮಾಡಿಕೊಳ್ಳುವುದೇ ಲೇಸು.

ಇದು ಕೆರೆದಂಡೆಯ ಸಮಸ್ಯೆ ಮಾತ್ರವಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಕಂಪ್ಯೂಟರ್ ನಿಯಂತ್ರಿತ ಲೇತುಗಳನ್ನು ನೋಡಿದವರಿಗೆ ಪಕ್ಕದಲ್ಲಿ ಜರಿಹುಳುವಿನಂತೆ ಮಡಚಿ ಬಿಚ್ಚುವ ಸರಪಳಿ ಕಂಡಿರಬಹುದು. ಕೇಬಲ್ಲುಗಳು ಅದರೊಳಗೆ ಮಲಗಿ, ನಿಗದಿತ ಬಾಗಿಗಿಂತ ಹೆಚ್ಚು ಬಾಗದಂತೆ ಚಲಿಸುತ್ತವೆ. ಈ ಸರಪಳಿ 1950ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡಿತು. ಲಿಫ್ಟಿನ ತಳದಲ್ಲಿ ನೇತಾಡುವ ಚಪ್ಪಟೆ ಕೇಬಲ್ಲಿನ ಇನ್ನೊಂದು ತುದಿಯನ್ನು ಬಾವಿಯ ನಡುಮಟ್ಟದಲ್ಲಿ ಕಟ್ಟಿದರೆ, ಲಿಫ್ಟು ಓಡುವ ಎತ್ತರದ ಅರ್ಧಕ್ಕಿಂತ ತುಸು ಹೆಚ್ಚು ಉದ್ದ ಸಾಕಾಗುತ್ತದೆ. ಏಕೆಂಬುದನ್ನು ಮಕ್ಕಳು ದಾರ ಹಿಡಿದು ತಾವೇ ಮಾಡಿ ನೋಡಬಹುದು. ರೈಲಿಗಾದರೆ ಕೇಬಲ್ ಎಳೆಯುವ ಮಾತೇ ಇಲ್ಲ. ಕೊಡಗಿಗೆ ರೈಲಿಲ್ಲ, ಆದರೆ ಮೈಸೂರು ನಿಲ್ದಾಣದಲ್ಲಿ ತಲೆಯೆತ್ತಿ ನೋಡಿದರೆ 25,000 ವೋಲ್ಟಿನ ತಂತಿ ಹಳಿಯ ಮೇಲೆ ನೇರವಾಗಿ ಹೋಗದೆ ಅತ್ತಿತ್ತ ಒಂದೊಂದು ಗೇಣಿನಷ್ಟು ಓರೆಯಾಗಿ ಸಾಗುವುದು ಕಾಣುತ್ತದೆ. ಅದು ಕಟ್ಟಿದವರ ಅಜಾಗರೂಕತೆಯಲ್ಲ. ನೇರ ಕಟ್ಟಿದ್ದರೆ ಎಂಜಿನಿನ ಮೇಲಿನ ಇಂಗಾಲದ ಪಟ್ಟಿ ಒಂದೇ ಕಡೆ ಉಜ್ಜಿ ಗರಗಸ ಕೊಯ್ದಂತೆ ಕೊಯ್ದುಹೋಗುತ್ತಿತ್ತು. ಸವೆತವನ್ನು ತಡೆಯಲಾಗದಾಗ ಹಂಚುತ್ತಾರೆ.

ಚೆಟ್ಟಳ್ಳಿಯಲ್ಲಿ ತಲೆಯೆತ್ತಿ ನೋಡಲು ಬೇರೆಯೇ ಕಾರಣವಿದೆ. ಕೆರೆಯ ಪಂಪು ಓಡುವ ತಿಂಗಳುಗಳಲ್ಲಿಯೇ ಕರಿಮೆಣಸಿನ ಕೊಯ್ಲು. ಸಿಲ್ವರ್ ಓಕ್ ಮರಗಳಿಗೆ ಒರಗಿಸುವ ಅಲ್ಯೂಮಿನಿಯಮ್ ಏಣಿ ಹಗುರ, ಒಬ್ಬಿಬ್ಬರೇ ನೆಟ್ಟಗೆ ಹಿಡಿದು ಮರದಿಂದ ಮರಕ್ಕೆ ಒಯ್ಯುತ್ತಾರೆ. ತೋಟದ ನಡುವೆ ಹಾದ ವಿದ್ಯುತ್ ತಂತಿಗೆ ಆ ಏಣಿ ತಾಗಿ ಕೊಡಗಿನಲ್ಲಿ ಕಾರ್ಮಿಕರು ಪ್ರಾಣ ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಜೋತ ತಂತಿ ತಾಗಿ ಆನೆಗಳು ಸತ್ತದ್ದೂ ಇದೆ. ಇಲ್ಲಿ ತಂತಿ ನಿಂತಲ್ಲೇ ಇದೆ, ಚಲಿಸುವುದು ಏಣಿ. ಸ್ಥಳ ಬದಲಾಯಿಸುವಾಗ ಏಣಿಯನ್ನು ಮಲಗಿಸಿ ಒಯ್ಯಬೇಕು. ಲೈನಿನ ಕೆಳಗಿನ ಮರಗಳಿಗೆ ಬಿದಿರಿನ ಒಣ ಏಣಿ ಅಥವಾ ಗಾಜುನಾರಿನ ಏಣಿ, ಅದೂ ಲೈನ್ ಬಂದ್ ಮಾಡಿಸಿದ ಮೇಲೆ.

ಏಪ್ರಿಲಿನಲ್ಲಿ ಮಳೆ ಹಿಡಿಯಿತೆಂದರೆ ಪಂಪಿನ ಕೆಲಸ ಮುಗಿಯಿತು. ಒಂದೇ ದಿಕ್ಕಿಗೆ ಸುರುಳಿ ಸುತ್ತಿದರೆ ಪ್ರತಿ ಸುತ್ತಿಗೂ ಕೇಬಲ್ಲಿಗೆ ಒಂದು ತಿರುಚು ಸೇರುತ್ತದೆ. ಆದ್ದರಿಂದ ತಿಳಿದವರು ಅದನ್ನು ನೆಲದ ಮೇಲೆ 8ರ ಆಕಾರದಲ್ಲಿ ಹಾಕುತ್ತಾರೆ. ಒಂದು ಸುತ್ತಿನ ತಿರುಚನ್ನು ಮುಂದಿನ ಸುತ್ತು ಬಿಡಿಸುತ್ತದೆ. ಕೆಸರು ತೊಳೆದು, ಒಣಬಟ್ಟೆಯಲ್ಲಿ ಒರೆಸುತ್ತ, ಇಡೀ ಉದ್ದವನ್ನು ಬೆರಳಿನಲ್ಲಿ ತಡವಿ ಗಂಟು, ಗಾಯ, ಮೆದುವಾದ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿ ಇಲಿ ಬಾರದ ಅಟ್ಟದಲ್ಲಿ ಇಡುತ್ತಾರೆ. ಮುಂದಿನ ಫೆಬ್ರುವರಿಯವರೆಗೆ ಅದಕ್ಕೆ ರಜೆ.