ಕಬ್ಬಿನ ಸೀಮೆಯ ಸಕ್ಕರೆ ಅಚ್ಚು

ಮದ್ದೂರಿನಿಂದ ಮಳವಳ್ಳಿಯ ಕಡೆಗೆ ಹೊರಟ ಪ್ರವಾಸಿಗರು ಸಾಮಾನ್ಯವಾಗಿ ಶಿವನಸಮುದ್ರದ ಜಲಪಾತವನ್ನೋ ಮುತ್ತತ್ತಿಯ ಕಾಡನ್ನೋ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ನಡುದಾರಿಯಲ್ಲಿ ಸಿಗುವ ಭಾರತೀನಗರದಲ್ಲಿ ಇಳಿದು ನೋಡುವವರು ವಿರಳ. ಹಿಂದಿನವರ ಬಾಯಲ್ಲಿ ಇದು ಇಂದಿಗೂ ಕಾಳಮುದ್ದನದೊಡ್ಡಿ. ಬಸ್ಸಿನವರ ಕೂಗಿನಲ್ಲಿ ಕೆ.ಎಂ.ದೊಡ್ಡಿ. ಜಿ. ಮಾದೇಗೌಡರು ಕಟ್ಟಿ ಬೆಳೆಸಿದ ಭಾರತೀ ವಿದ್ಯಾಸಂಸ್ಥೆಗಳು ಮತ್ತು ಚಾಮುಂಡೇಶ್ವರಿ ಸಕ್ಕರೆ ಕಾರ್ಖಾನೆ ಈ ಊರಿನ ಎರಡು ಗುರುತುಗಳು. ನಾವು ಅಲ್ಲಿಗೆ ಹೋದದ್ದು ಕಾರ್ಖಾನೆಯನ್ನು ನೋಡಲಿಕ್ಕಲ್ಲ. ಸಂಕ್ರಾಂತಿಯ ಹಿಂದಿನ ವಾರದಲ್ಲಿ ಮನೆಗಳೊಳಗೆ ನಡೆಯುವ ಒಂದು ಚಿಕ್ಕ ಕಾರ್ಖಾನೆಯನ್ನು ನೋಡಲು. ಅದೇ ಸಕ್ಕರೆ ಅಚ್ಚಿನ ತಯಾರಿಕೆ.

ಈ ಸೀಮೆಗೆ ಸಿಹಿ ಬಂದದ್ದು ನೀರಿನ ಹಿಂದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಮುಂದೆ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದಾಗ, ರಾಗಿ ಹುರುಳಿಗಳನ್ನು ನಂಬಿದ್ದ ಒಣಭೂಮಿ ಭತ್ತ ಕಬ್ಬುಗಳ ಗದ್ದೆಯಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನವೂ ಸೇರಿ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ತಲೆಯೆತ್ತಿತು. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು ಅದಾದ ಆರು ವರ್ಷಗಳ ಮೇಲೆ, 1939ರಲ್ಲಿ. ಜಿಲ್ಲೆಗಿಂತ ಮೊದಲೇ ಸಕ್ಕರೆ ಹುಟ್ಟಿದ ನಾಡು ಇದು.

ಸಕ್ಕರೆಗಿಂತಲೂ ಹಿರಿದು ಬೆಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ, ಜಜ್ಜಿದ ಬೆಂಡೆಗಿಡದ ಲೋಳೆಯನ್ನು ಅದಕ್ಕೆ ಬೆರೆಸುವ ಪದ್ಧತಿಯುಂಟು. ಆ ಲೋಳೆ ರಸದ ಕೊಳೆಯನ್ನೆಲ್ಲ ಹಿಡಿದುಕೊಂಡು ಮಡ್ಡಿಯಾಗಿ ಮೇಲೆ ತೇಲುತ್ತದೆ. ಅದನ್ನು ತೆಗೆದು, ಹದಕ್ಕೆ ಬಂದ ಪಾಕವನ್ನು ಅಚ್ಚಿಗೆ ಸುರಿದರೆ ಅಚ್ಚುಬೆಲ್ಲ. ಈ ಕ್ರಮವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಅಡುಗೆಮನೆಯಲ್ಲಿ ನಡೆಯುವುದೂ ಇದೇ.

ಅಟ್ಟದಿಂದ ಇಳಿದ ಅಚ್ಚುಗಳು

ನಾವು ಕುಳಿತು ನೋಡಿದ ಮನೆ ಕಬ್ಬು ಬೆಳೆಯುವ ಒಕ್ಕಲು ಕುಟುಂಬದ್ದು. ಅಟ್ಟದಿಂದ ಇಳಿಸಿದ ಮರದ ಅಚ್ಚುಗಳು ಹಿಂದಿನ ರಾತ್ರಿಯಿಂದ ನೀರಿನಲ್ಲಿ ನೆನೆಯುತ್ತಿದ್ದವು. ಒಂದೊಂದು ಅಚ್ಚೂ ಎರಡು ಹೋಳು, ಒಳಮೈಯಲ್ಲಿ ಕೆತ್ತನೆ. ಬಸವಣ್ಣ, ಶಿವಲಿಂಗ, ತೇರು, ಆನೆ, ಗಿಳಿ, ನವಿಲು, ಮೀನು, ಹೂವಿನ ಬುಟ್ಟಿ ಎಲ್ಲವೂ ಆ ಸಾಲಿನಲ್ಲಿದ್ದವು. ಒಣಮರಕ್ಕೆ ಪಾಕ ಸುರಿದರೆ ಅಂಟಿಕೊಳ್ಳುತ್ತದೆ. ನೀರು ಕುಡಿದ ಮರವಾದರೆ ಬೊಂಬೆಯನ್ನು ಸುಲಭವಾಗಿ ಬಿಟ್ಟುಕೊಡುತ್ತದೆ.

ಒಲೆಯ ಮುಂದೆ ಕುಳಿತಿದ್ದವರು ಎಪ್ಪತ್ತು ದಾಟಿದ ಅಜ್ಜಿ. ಒಂದು ಕಿಲೋ ಸಕ್ಕರೆಗೆ ಅದು ಮುಳುಗುವಷ್ಟೇ ನೀರು ಹಾಕಿ ಕರಗಿಸಿದರು. ಕುದಿ ಬಂದಾಗ ಅರ್ಧ ಲೋಟದಷ್ಟು ಹಾಲನ್ನು ಸುತ್ತಲೂ ಬಿಟ್ಟರು. ಹಾಲು ಒಡೆದು, ಸಕ್ಕರೆಯ ಕೊಳೆಯನ್ನು ಬಾಚಿಕೊಂಡು ನೊರೆಯಾಗಿ ಮೇಲೆ ಬಂತು. ಆಲೆಮನೆಯಲ್ಲಿ ಬೆಂಡೆ ಮಾಡುವ ಕೆಲಸವನ್ನು ಇಲ್ಲಿ ಹಾಲು ಮಾಡುತ್ತದೆ. ನೊರೆ ತೆಗೆದು, ಒದ್ದೆ ಮಾಡಿದ ಬಿಳಿಯ ಬಟ್ಟೆಯಲ್ಲಿ ಶೋಧಿಸಿದಾಗ ಪಾಕ ತಿಳಿಯಾಯಿತು. ಅದಕ್ಕೆ ಒಂದು ಚಮಚ ನಿಂಬೆರಸ.

ಅನಂತರದ್ದೇ ಕಠಿಣ ಭಾಗ. ಪಾಕವನ್ನೆಲ್ಲ ಒಮ್ಮೆಲೇ ಕಾಯಿಸುವುದಿಲ್ಲ. ದಪ್ಪ ತಳದ ಚಿಕ್ಕ ಪಾತ್ರೆಗೆ ಒಂದೆರಡು ಸೌಟು ಮಾತ್ರ ಹಾಕಿ, ಸಣ್ಣ ಉರಿಯಲ್ಲಿ ಕುದಿಸುತ್ತ, ಮರದ ಸೌಟಿನಿಂದ ಪಾತ್ರೆಯ ಅಂಚಿಗೆ ತಿಕ್ಕುತ್ತಿರಬೇಕು. ಗಾಜಿನಂತಿದ್ದ ಪಾಕ ಒಂದು ಕ್ಷಣದಲ್ಲಿ ಮಬ್ಬಾಗುತ್ತದೆ. ಅಂಚಿನಲ್ಲಿ ಬಿಳಿಯ ಗೆರೆ ಮೂಡುತ್ತದೆ. ಆಗಲೇ ಇಳಿಸಿ, ಒರೆಸಿ ದಾರ ಕಟ್ಟಿಟ್ಟ ಅಚ್ಚುಗಳ ಬಾಯಿಗೆ ಸುರಿಯಬೇಕು. ಮೊದಲೇ ಸುರಿದರೆ ಗಟ್ಟಿಯಾಗದು. ತಡವಾದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಹಾಗಾದರೂ ನಷ್ಟವಿಲ್ಲ, ಸ್ವಲ್ಪ ನೀರು ಬೆರೆಸಿ ಮತ್ತೆ ಕರಗಿಸಬಹುದು. ಹತ್ತು ನಿಮಿಷ ಬಿಟ್ಟು ದಾರ ಬಿಚ್ಚಿದಾಗ ಬೆಳ್ಳನೆಯ ಬಸವಣ್ಣ ಎದ್ದು ಬಂದ. ಸುತ್ತ ಕುಳಿತ ಮಕ್ಕಳ ಸಂತೋಷಕ್ಕೆ ಪಾರವಿರಲಿಲ್ಲ. ಕುದಿವ ಪಾಕ ಚರ್ಮಕ್ಕೆ ಅಂಟಿದರೆ ಬಿಡದು. ಆದ್ದರಿಂದ ದಾರ ಬಿಚ್ಚುವ ಕೆಲಸ ಮಾತ್ರ ಅವರದು.

ಹದವನ್ನು ಹೇಗೆ ಗುರುತಿಸುತ್ತೀರಿ ಎಂದು ಕೇಳಿದೆವು. “ಕಣ್ಣಲ್ಲಿ ನೋಡೋದಲ್ಲ ಕಣವ್ವ, ಸೌಟು ಭಾರ ಆಯ್ತದೆ, ಕೈಗೆ ಗೊತ್ತಾಯ್ತದೆ,” ಎಂದರು ಅಜ್ಜಿ.

ಕೈಯ ಅರಿವು, ಶಾಸ್ತ್ರದ ಅರಿವು

ಆ ಕೈಯ ಅರಿವಿಗೆ ಶಾಸ್ತ್ರದ ಸಮರ್ಥನೆಯೂ ಇದೆ. ಸಕ್ಕರೆಯ ಗಟ್ಟಿಪಾಕವನ್ನು ಅಲುಗಿಸದೆ ದಿನಗಟ್ಟಲೆ ಇಟ್ಟರೆ ಕೆಲವೇ ಹರಳುಗಳು ಹುಟ್ಟಿ ದೊಡ್ಡದಾಗಿ ಬೆಳೆಯುತ್ತವೆ. ಕಲ್ಲುಸಕ್ಕರೆ ಆಗುವುದು ಹೀಗೆ. ಅದೇ ಪಾಕವನ್ನು ಬಿಸಿಯಲ್ಲಿ ತಿಕ್ಕಿದರೆ ಅಸಂಖ್ಯ ಸಣ್ಣ ಹರಳುಗಳು ಏಕಕಾಲಕ್ಕೆ ಹುಟ್ಟುತ್ತವೆ. ಅಚ್ಚಿನ ಬಿಳುಪು, ನುಣುಪು ಎರಡೂ ಅವುಗಳಿಂದಲೇ. ನಿಂಬೆಯ ಹುಳಿ ಸಕ್ಕರೆಯ ಒಂದಂಶವನ್ನು ಒಡೆದು, ಹರಳು ದಪ್ಪವಾಗದಂತೆ ತಡೆಯುತ್ತದೆ. ನಿಂಬೆ ಹೆಚ್ಚಾದರೆ ಮಾತ್ರ ಅಚ್ಚು ಗಟ್ಟಿಯಾಗದೆ ಜಿಗುಟಾಗುತ್ತದೆ. ಮಳೆಗಾಲದ ತೇವದ ಗಾಳಿ ಈ ಕೆಲಸಕ್ಕೆ ಶತ್ರು. ಸಂಕ್ರಾಂತಿಯ ಒಣ ಚಳಿ ಮಿತ್ರ.

ಸಕ್ಕರೆಗೆ ರೂಪ ಕೊಡುವ ಆಸೆ ನಮ್ಮದೊಂದೇ ಅಲ್ಲ. ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿಯ ಬೊಂಬೆಗಳನ್ನು ಮಾಡುತ್ತಾರೆ. ನಿಶ್ಚಯವಾದ ಹೆಣ್ಣಿಗೆ ಬೀಗರ ಮನೆಯಿಂದ ಅವು ಬರುವುದುಂಟು. ಮಹಾರಾಷ್ಟ್ರದಲ್ಲಿ ಯುಗಾದಿಯ ಗುಡಿಗೆ ಸಕ್ಕರೆಯ ಸರ ತೊಡಿಸುತ್ತಾರೆ. ಯುರೋಪಿನಲ್ಲಿ ಬಾದಾಮಿಯನ್ನು ಸಕ್ಕರೆಯೊಡನೆ ಅರೆದು ಹಣ್ಣು, ಪ್ರಾಣಿಗಳ ಆಕಾರ ಕೊಡುವ ಮಾರ್ಜಿಪಾನ್ ಪ್ರಸಿದ್ಧ. ಜರ್ಮನಿಯ ಲ್ಯೂಬೆಕ್ ಪಟ್ಟಣ ಅದಕ್ಕೆ ಹೆಸರಾಗಿದೆ. ಗೋವೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಬಾದಾಮಿಯ ಬದಲು ಗೋಡಂಬಿಯಿಂದ ಅದನ್ನು ಮಾಡುತ್ತಾರೆ. ಅವರು ಬೀಜವನ್ನು ಸಕ್ಕರೆಯೊಳಗೆ ಅರೆದರು. ನಮ್ಮವರು ಕಡಲೆಕಾಯಿ ಬೀಜ, ಕೊಬ್ಬರಿ, ಹುರಿಗಡಲೆಗಳನ್ನು ಎಳ್ಳುಬೆಲ್ಲಕ್ಕೆ ಸೇರಿಸಿ, ಸಕ್ಕರೆಯ ಬೊಂಬೆಯನ್ನು ಪಕ್ಕದಲ್ಲಿ ಇಟ್ಟರು. ತಟ್ಟೆ ಮಾತ್ರ ಒಂದೇ.

ತಟ್ಟೆ ಹಿಡಿಯುವ ಕೈ

ಆ ತಟ್ಟೆಯ ವಿಚಾರವನ್ನೇ ಇಲ್ಲಿ ಮುಖ್ಯವಾಗಿ ಹೇಳಬೇಕಾಗಿದೆ. ಸಕ್ಕರೆ ಅಚ್ಚು ತಿನ್ನಲೆಂದು ಹುಟ್ಟಿದ ತಿಂಡಿಯಲ್ಲ, ಕೊಡಲೆಂದು ಹುಟ್ಟಿದ್ದು. ಹಬ್ಬದ ಸಂಜೆ ಒಂದು ಕಡೆ ದನಗಳಿಗೆ ಕಿಚ್ಚು ಹಾಯಿಸುತ್ತಿದ್ದರೆ, ಇನ್ನೊಂದು ಕಡೆ ಹೆಣ್ಣುಮಕ್ಕಳು ತಟ್ಟೆ ಹಿಡಿದು ಮನೆಮನೆಗೆ ಎಳ್ಳು ಬೀರಲು ಹೊರಡುತ್ತಾರೆ. ಅಜ್ಜಿಯೂ ಹೊರಡುವರೇ ಎಂದು ಕೇಳಿದಾಗ ಒಲೆಯ ಮುಂದೆ ಮೌನ. ಸೊಸೆ ಮೆಲ್ಲಗೆ, “ಮಾವ ಹೋದ ಮೇಲೆ ಅತ್ತೆ ಎಳ್ಳು ಬೀರಾಕೆ ಬರಾಕಿಲ್ಲ,” ಎಂದರು. ಅಜ್ಜಿ ಏನೂ ನಡೆಯಲಿಲ್ಲವೆಂಬಂತೆ ಪಾಕ ತಿಕ್ಕುತ್ತಲೇ ಇದ್ದರು.

ಊರಿನ ಅರ್ಧ ಕೇರಿಗೆ ಹೋಗುವ ಬೊಂಬೆಗಳು ಆ ಕೈಯಿಂದಲೇ ಮೂಡಿದವು. ಹದ ಬಲ್ಲ ಕೈ ಮಂಗಳಕರ, ಆದರೆ ತಟ್ಟೆ ಹಿಡಿದರೆ ಅಮಂಗಳ ಎಂಬ ನಿಯಮ ಯಾವ ನ್ಯಾಯ? ಕಾಯಕವನ್ನು ಪೂಜೆಯೆಂದು ತಿಳಿದ ಶರಣರ ಮಕ್ಕಳಾದ ನಾವು ಈ ಪ್ರಶ್ನೆಯನ್ನು ನೆರೆಮನೆಗೆ ದಾಟಿಸದೆ ನಮ್ಮ ಮನೆಯ ಒಲೆಯ ಮುಂದೆಯೇ ಕೇಳಿಕೊಳ್ಳಬೇಕು.

ಇನ್ನೊಂದು ಚಿಂತೆಯೂ ಇದೆ. ಭಾರತೀನಗರದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ, ಗುಲಾಬಿ ಹಳದಿ ಬಣ್ಣದ ಅಚ್ಚುಗಳು ರಾಶಿಬಿದ್ದಿದ್ದವು. ಕಬ್ಬು ಬೆಳೆದವರ ಮನೆಯವರೇ ಅವನ್ನು ಕೊಳ್ಳುತ್ತಿದ್ದರು. ಅವರನ್ನು ದೂರುವಂತಿಲ್ಲ, ಮನೆಯಲ್ಲಿ ಕೈಗಳು ಕಡಿಮೆ, ಬಿಡುವು ಇನ್ನೂ ಕಡಿಮೆ. ಆದರೆ ಅಂಗಡಿಯಲ್ಲಿ ಬೊಂಬೆ ಸಿಗುತ್ತದೆಯೇ ಹೊರತು ಹದ ಸಿಗುವುದಿಲ್ಲ. ಅದು ಹಿರಿಯರ ಕೈಯಿಂದ ಕಿರಿಯರ ಕೈಗೆ ಒಲೆಯ ಮುಂದೆಯೇ ದಾಟಬೇಕು.

ಆದುದರಿಂದ ನಮ್ಮ ಓದುಗ ತಾಯಂದಿರಲ್ಲಿ, ಸೋದರಿಯರಲ್ಲಿ ಒಂದು ಬಿನ್ನಹ. ಬರುವ ಸಂಕ್ರಾಂತಿಗೆ ಬೇಕಾದ ಅಚ್ಚುಗಳನ್ನೆಲ್ಲ ಮನೆಯಲ್ಲೇ ಮಾಡಿರೆಂದು ಹೇಳುವುದಿಲ್ಲ. ಅಟ್ಟದಲ್ಲಿ ಧೂಳು ಹಿಡಿದ ನಾಲ್ಕು ಅಚ್ಚುಗಳನ್ನು ಇಳಿಸಿ ನೆನೆಹಾಕಿರಿ; ಒಂದು ಕಿಲೋ ಸಕ್ಕರೆ ಸಾಕು. ಮನೆಯ ಹಿರಿಯಾಕೆಯನ್ನು ಒಲೆಯ ಮುಂದೆ ಕೂರಿಸಿ, ಗಂಡುಮಕ್ಕಳೂ ಸೇರಿ ಎಲ್ಲ ಮಕ್ಕಳನ್ನು ಸುತ್ತ ಕೂರಿಸಿರಿ. ಸಂಜೆ ಎಳ್ಳು ಬೀರಲು ಹೊರಡುವಾಗ ಮೊದಲ ತಟ್ಟೆಯನ್ನು ಆಕೆಯ ಕೈಗೇ ಕೊಡಿರಿ.