ಭಾರ ಇಳಿಯುವ ದಾರಿ

ಅಕ್ವೇರಿಯಂ ಇಡುವ ಸುಖ ಮೀನು ತರುವ ಮೊದಲೇ, ತೊಟ್ಟಿಗೆ ಜಾಗ ಹುಡುಕುವಾಗಲೇ ಶುರುವಾಗುತ್ತದೆ. ಏಂಜೆಲ್ ಮೀನು ರೆಕ್ಕೆ ಬಿಚ್ಚಿ ತಿರುಗಾಡಲು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಬೇಕೆನಿಸುತ್ತದೆ. ಕಂಠಮಟ್ಟ ತುಂಬದಿದ್ದರೂ ಅದಕ್ಕೆ ಸುಮಾರು 300 ಲೀಟರ್ ನೀರು, ಅಂದರೆ 300 ಕಿಲೋ. ಗಾಜು, ಜಲ್ಲಿ, ಸ್ಟ್ಯಾಂಡ್ ಸೇರಿದರೆ 450ರ ಹತ್ತಿರ. ಮೋಲ್ಡ್, ಅಂದರೆ ಕಂಬಿಯ ಕಾಂಕ್ರೀಟು ಚಾವಣಿ, ಹಾಕಿದ ಮನೆಯ ಮೇಲಂತಸ್ತಿನಲ್ಲಿ ಇದನ್ನಿಡಬಹುದೇ? ಇಡಬಹುದು, ಆದರೆ ಎಲ್ಲೆಂದರಲ್ಲಿ ಅಲ್ಲ.

ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರ ಹೊರಬೇಕೆಂದು ಭಾರತೀಯ ಮಾನಕ 875 ಹೇಳುತ್ತದೆ. ನಮ್ಮ ತೊಟ್ಟಿ ತನ್ನ ಕಾಲಡಿ ಒತ್ತುವುದು ಅದರ ನಾಲ್ಕು ಪಟ್ಟು. ಹಾಗೆಂದು ಹೆದರಬೇಕಿಲ್ಲ, ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಗೆ ಲೆಕ್ಕ ಹಿಡಿದ ಒಟ್ಟು ಭಾರ 2,200 ಕಿಲೋ. ಮೋಲ್ಡು ಬಾಗುವುದು ನಡುವಿನಲ್ಲಿ. ಅದೇ ತೊಟ್ಟಿಯನ್ನು ಭಾರ ಹೊರುವ ಗೋಡೆಗೆ ಒತ್ತಿಟ್ಟರೆ, ನಡುವಿನಲ್ಲಿ ಇಟ್ಟಾಗಿನ ಬಾಗಿಸುವ ಬಲದ ಮೂರನೇ ಒಂದು ಪಾಲೂ ಬೀಳದು. ಆದರೆ ಎಲ್ಲ ಗೋಡೆಯೂ ಆಸರೆಯಲ್ಲ. ಮೋಲ್ಡಿನ ಮೇಲೇ ಕಟ್ಟಿದ ನಾಲ್ಕಿಂಚಿನ ಅಡ್ಡಗೋಡೆ ತಾನೇ ಒಂದು ಹೊರೆ. ಕೆಳಗೆ ಬೀಮೋ ಗೋಡೆಯೋ ಇದೆಯೇ ಎಂದು ಮೇಸ್ತ್ರಿಯನ್ನು ಕೇಳಿಯೇ ಮುಂದುವರಿಯಬೇಕು.

‘ಹಬ್ಬದ ದಿನ ಏಳೆಂಟು ಜನ ಒಂದೇ ಕಡೆ ನಿಂತರೂ ಇಷ್ಟೇ ತೂಕ’ ಎನ್ನುವವರಿದ್ದಾರೆ. ನಿಜ, ಆದರೆ ನೆಂಟರು ಊಟ ಮಾಡಿ ಹೊರಡುತ್ತಾರೆ. ತೊಟ್ಟಿ ವರ್ಷಗಟ್ಟಲೆ ಕೂರುತ್ತದೆ. ಕಾಂಕ್ರೀಟು ಹಗಲಿರುಳು ಹೊತ್ತ ಭಾರಕ್ಕೆ ನಿಧಾನವಾಗಿ ಇನ್ನಷ್ಟು ಬಾಗುತ್ತದೆ. ‘ತಾರಸಿಯ ಮೇಲೆ ಸಾವಿರ ಲೀಟರಿನ ಸಿಂಟೆಕ್ಸ್ ಇಲ್ಲವೇ?’ ಎಂಬುದು ಇನ್ನೊಂದು ವಾದ. ಬಲ್ಲ ಮೇಸ್ತ್ರಿ ಅದನ್ನು ಗೋಡೆ ಕೂಡುವ ಮೂಲೆಯಲ್ಲಿ ಕಟ್ಟೆ ಕಟ್ಟಿ ಕೂರಿಸುತ್ತಾನೆ. ಅದು ನಮ್ಮ ಮಾತಿಗೇ ಸಾಕ್ಷಿ. ಹಳೆಯ ಕಲ್ಲುಚಪ್ಪಡಿ ಮಾಳಿಗೆಗೆ ಮಾತ್ರ ಈ ಸಲಿಗೆ ಬೇಡ. ಕಂಬಿಯಿರುವ ಮೋಲ್ಡು ಬಿರುಕು ಬಿಟ್ಟು ಎಚ್ಚರಿಸುತ್ತದೆ, ಚಪ್ಪಡಿ ಹೇಳದೆ ಮುರಿಯುತ್ತದೆ.

ನೆಲಮಹಡಿಯೇ ಕ್ಷೇಮವೆಂಬ ಮಾತು ಬಹುಮಟ್ಟಿಗೆ ಸರಿ. ಆದರೂ ಪಾಯದೊಳಗೆ ತುಂಬಿದ ಮಣ್ಣನ್ನು ಸರಿಯಾಗಿ ದಮ್ಮಾಸು ಮಾಡದಿದ್ದರೆ ಅಲ್ಲೂ ನೆಲ ಕುಸಿಯುತ್ತದೆ. ಟೈಲ್ಸ್ ಮೇಲೆ ಬೆರಳ ಗೆಣ್ಣಿನಿಂದ ಬಡಿದಾಗ ಪೊಳ್ಳು ಸದ್ದು ಬಂದರೆ ಇನ್ನೊಂದು ಜಾಗ ನೋಡುವುದು ಒಳ್ಳೆಯದು. ನೆಲ ತುಸು ಓರೆಯಾದರೂ ಮೊದಲು ಸೋಲುವುದು ಗಾಜಿನ ಮೂಲೆಯ ಸಿಲಿಕಾನ್ ಬೆಸುಗೆ. ರಸಮಟ್ಟ ಇಟ್ಟು ನೋಡಿ, ಅಡಿಗೆ ಥರ್ಮಾಕೋಲ್ ಹಾಸುವುದು ಅದಕ್ಕೇ. ಮೀನಿನ ಸ್ವಭಾವದಷ್ಟೇ ಮನೆಯ ಮೈಕಟ್ಟನ್ನೂ ಬಲ್ಲವರು ಈ ಹವ್ಯಾಸದ ಪೂರ್ತಿ ರುಚಿ ಕಂಡವರು.